ತೂಕ ನೋಡಿಕೊಳ್ಳುವ ಕ್ರಮ

ದೇಹದ ತೂಕವೆಂದರೆ ಭೂಮಿಯು ಒಬ್ಬ ಮನುಷ್ಯನನ್ನು ತನ್ನ ಕಡೆಗೆ ಎಳೆದುಕೊಳ್ಳುವ ಬಲ. ಎಳೆಯುವುದು ಭೂಮಿ, ಬೈಸಿಕೊಳ್ಳುವುದು ಮನುಷ್ಯ. ಈ ಎಳೆತ ಎಲ್ಲ ಕಡೆಯೂ ಒಂದೇ ಸಮನಾಗಿಲ್ಲ. ಧ್ರುವಗಳಲ್ಲಿ ತುಸು ಜಾಸ್ತಿ, ಸಮಭಾಜಕ ವೃತ್ತದಲ್ಲಿ ತುಸು ಕಡಿಮೆ. ಉತ್ತರ ಧ್ರುವದಲ್ಲಿ 80 ಕಿಲೋ ತೋರಿಸಿದ ಸ್ಪ್ರಿಂಗ್ ಯಂತ್ರವನ್ನು ಕಂಕುಳಲ್ಲಿಟ್ಟುಕೊಂಡು ಸಮಭಾಜಕಕ್ಕೆ ಬಂದವನು, ದಾರಿಯಲ್ಲಿ ಒಂದು ತುತ್ತೂ ಬಿಡದೆ, ಸುಮಾರು 400 ಗ್ರಾಂ ಇಳಿದಿರುತ್ತಾನೆ. ಕರ್ನಾಟಕ ಸಮಭಾಜಕಕ್ಕೆ ಸಾಕಷ್ಟು ಹತ್ತಿರದಲ್ಲಿರುವುದರಿಂದ ಈ ರಿಯಾಯಿತಿಯ ಬಹುಪಾಲು ಕನ್ನಡಿಗರಿಗೆ ಹುಟ್ಟುತ್ತಲೇ ದಕ್ಕಿದೆ. ಅದನ್ನು ಅವರು ಹೋಳಿಗೆಗೆ ಖರ್ಚು ಮಾಡಿಕೊಂಡಿದ್ದಾರೆ.

ಭಾರವಾಗಿರುವುದು ಹಿಂದೆ ಮರ್ಯಾದೆಯ ಸಂಗತಿಯಾಗಿತ್ತು. ಹಂಪಿಯ ವಿಜಯವಿಠಲ ದೇವಸ್ಥಾನದ ಹತ್ತಿರ ಎರಡು ಕಲ್ಲಿನ ಕಂಬಗಳೂ ಅವುಗಳ ಮೇಲೊಂದು ಅಡ್ಡ ತೊಲೆಯೂ ಇಂದಿಗೂ ನಿಂತಿವೆ. ಅದು ರಾಜರ ತುಲಾಭಾರದ ಜಾಗ. ಒಂದು ತಟ್ಟೆಯಲ್ಲಿ ಅರಸ, ಇನ್ನೊಂದರಲ್ಲಿ ಚಿನ್ನ, ರತ್ನ, ತೂಗಿದ್ದೆಲ್ಲ ದಾನ. ಮೊಗಲ್ ಬಾದಶಹ ಜಹಾಂಗೀರನೂ ಹುಟ್ಟುಹಬ್ಬಕ್ಕೆ ಹೀಗೆ ತೂಗಿಸಿಕೊಳ್ಳುತ್ತಿದ್ದ. ಅರಸ ಬಡಕಲಾಗಿದ್ದರೆ ಬ್ರಾಹ್ಮಣರಿಗೂ ಬಡವರಿಗೂ ನಷ್ಟ. ಆದ್ದರಿಂದ ಪ್ರಜೆಗಳು ದೊರೆಯ ಹೊಟ್ಟೆಯನ್ನು ಭರವಸೆಯಿಂದ ನೋಡುತ್ತಿದ್ದಿರಬೇಕು. ದೇವಸ್ಥಾನಗಳಲ್ಲಿ ಈ ಪದ್ಧತಿ ಇನ್ನೂ ಇದೆ, ಚಿನ್ನದ ಜಾಗಕ್ಕೆ ಬೆಲ್ಲ, ಅಕ್ಕಿ, ಬಾಳೆಹಣ್ಣು, ಚಿಲ್ಲರೆ ನಾಣ್ಯ ಬಂದಿವೆ. ಗಂಡ ತಕ್ಕಡಿಯಲ್ಲಿ ಚಕ್ಕಳಮಕ್ಕಳ ಹಾಕಿ ಕೂತು, ಹೆಂಡತಿ ಬೆಲ್ಲದ ಅಚ್ಚುಗಳನ್ನು ಏರಿಸುತ್ತ ಏರಿಸುತ್ತ, ತಟ್ಟೆ ಅಲುಗಾಡದಿದ್ದಾಗ ಆಕೆ ಪುರೋಹಿತರ ಕಡೆಗೆ ನೋಡುವ ನೋಟಕ್ಕೆ ಯಾವ ಶಾಸ್ತ್ರದಲ್ಲೂ ವಿವರಣೆಯಿಲ್ಲ. ಹರಕೆ ಹೊತ್ತವಳು ಆಕೆಯೇ.

ತೂಕವನ್ನು ದೇವರ ಸನ್ನಿಧಿಯಿಂದ ವೈದ್ಯರ ಕೈಗೆ ತಂದವರಲ್ಲಿ ಮೊದಲಿಗ ಇಟಲಿಯ ಸಾಂತೋರಿಯೊ ಸಾಂತೋರಿಯೊ. ಅಚ್ಚಿನ ತಪ್ಪಲ್ಲ, ಅವನ ಹೆಸರೇ ಹಾಗೆ. ಪಾದುವಾದಲ್ಲಿ ಪ್ರಾಧ್ಯಾಪಕನಾಗಿದ್ದ ಈತ ದೊಡ್ಡ ತಕ್ಕಡಿಗೆ ಕುರ್ಚಿಯನ್ನು ತೂಗುಹಾಕಿ, ಅದರಲ್ಲೇ ಕೂತು ಊಟ ಮಾಡಿ, ತಿಂದದ್ದು, ಕುಡಿದದ್ದು, ಹೊರಗೆ ಹೋದದ್ದು ಎಲ್ಲವನ್ನೂ ಸುಮಾರು ಮೂವತ್ತು ವರ್ಷ ತೂಗಿದ. ಒಳಗೆ ಹೋದದ್ದಕ್ಕೂ ಹೊರಗೆ ಬಂದದ್ದಕ್ಕೂ ತಾಳೆಯಾಗಲಿಲ್ಲ. ಎಷ್ಟೋ ಭಾಗ ಕಣ್ಣಿಗೆ ಕಾಣದೆ ಮೈಯಿಂದ ಆವಿಯಾಗಿ ಹೋಗುತ್ತದೆಂದು ತೀರ್ಮಾನಿಸಿ 1614ರಲ್ಲಿ ಪುಸ್ತಕ ಬರೆದ. ಇಂದು ಮೊಬೈಲಿನಲ್ಲಿ ಇಡ್ಲಿಯ ಲೆಕ್ಕ ಬರೆದಿಡುವವರೆಲ್ಲ ಈತನ ವಂಶಸ್ಥರೇ. ಒಂದೇ ವ್ಯತ್ಯಾಸವೆಂದರೆ, ಈತ ಚಟ್ನಿಯನ್ನೂ ಬಿಡದೆ ಬರೆಯುತ್ತಿದ್ದ ಜಾತಿಯ ಮನುಷ್ಯ.

ಆಮೇಲೆ ಬಂದದ್ದು ರೈಲ್ವೆ ಸ್ಟೇಷನ್ನಿನ ಯಂತ್ರ. ಬಣ್ಣಬಣ್ಣದ ದೀಪ, ಗಾಜಿನ ಹಿಂದೆ ಗರಗರ ತಿರುಗುವ ಚಕ್ರ, ರೂಪಾಯಿ ನುಂಗಿದ ಮೇಲೆ ಒಂದು ಕ್ಷಣದ ಮೌನ, ಆಮೇಲೆ ಟಪ್ಪೆಂದು ಬೀಳುವ ದಪ್ಪ ಟಿಕೀಟು. ಅದರಲ್ಲಿ ತೂಕವಿರುತ್ತಿತ್ತು, ಸಿನಿಮಾ ನಟಿಯ ಮುಖವಿರುತ್ತಿತ್ತು, ಜೊತೆಗೆ ಒಂದು ಸಾಲಿನ ಭವಿಷ್ಯವಿರುತ್ತಿತ್ತು. ತೂಕ ಜಾಸ್ತಿ ಬಂದಿದ್ದರೆ ಭವಿಷ್ಯವನ್ನು ಓದಿಕೊಳ್ಳಬಹುದಿತ್ತು. ಭವಿಷ್ಯವೂ ಕೆಟ್ಟದಾಗಿದ್ದರೆ ಯಂತ್ರವೇ ಕೆಟ್ಟಿದೆ ಎನ್ನಬಹುದಿತ್ತು. ಈಗ ಮನೆಮನೆಗೆ ಬಂದಿರುವ ಗಾಜಿನ ಹಲಗೆಗೆ ಈ ಸೌಜನ್ಯ ಇಲ್ಲ. ಅದರ ಮೂಲೆಗಳಲ್ಲಿ ಲೋಹದ ಸಣ್ಣ ತುಂಡುಗಳಿವೆ. ಭಾರ ಬಿದ್ದಾಗ ಅವು ಕಣ್ಣಿಗೆ ಕಾಣದಷ್ಟು ಬಾಗುತ್ತವೆ, ಅವಕ್ಕೆ ಅಂಟಿಸಿದ ತೆಳು ತಂತಿ ಹಿಗ್ಗಿ ಅದರ ವಿದ್ಯುತ್ ರೋಧ ಬದಲಾಗುತ್ತದೆ, ಆ ಬದಲಾವಣೆಯೇ ಅಂಕಿಯಾಗಿ ಹೊಳೆಯುತ್ತದೆ. ನಟಿಯೂ ಇಲ್ಲ, ಭವಿಷ್ಯವೂ ಇಲ್ಲ.

ಈ ಹಲಗೆಯನ್ನು ಹತ್ತುವುದಕ್ಕೆ ಒಂದು ಕ್ರಮವಿದೆ. ಉದಾಹರಣೆಗೆ ಈ ಪ್ರಬಂಧದ ಕರ್ತೃವನ್ನೇ ತೆಗೆದುಕೊಳ್ಳಬಹುದು. ಇಷ್ಟು ಸುಲಭವಾಗಿ ಸಿಗುವ, ಇಷ್ಟು ವಿಸ್ತಾರವಾದ ಮಾದರಿ ಬೇರೆ ಇಲ್ಲ. ಹತ್ತಲು ಸರಿಯಾದ ಹೊತ್ತು ಬೆಳಗಿನ ಜಾವ, ಶೌಚ ಮುಗಿದ ಮೇಲೆ, ಕಾಫಿಗೆ ಮೊದಲು. ಕಾಫಿಯ ಲೋಟದಲ್ಲಿ 150 ಮಿಲಿಲೀಟರ್ ಇದ್ದರೆ ಅದು ನೇರವಾಗಿ 150 ಗ್ರಾಂ; ಈ ನಷ್ಟವನ್ನು ತಿಳಿದವನು ತಲೆನೋವನ್ನಾದರೂ ಸಹಿಸುತ್ತಾನೆ. ಮೊದಲು ಕೈಗಡಿಯಾರ ಬಿಚ್ಚಿಡಬೇಕು. ಆಮೇಲೆ ಉಂಗುರ. ಉಂಗುರ ಗೆಣ್ಣಿನ ಹತ್ತಿರ ನಿಂತುಬಿಟ್ಟರೆ ಸೋಪು ಹಚ್ಚಬಾರದು, ಸೋಪಿಗೂ ತೂಕವಿದೆ. ಅದನ್ನು ಲೆಕ್ಕದಲ್ಲಿ ಕಳೆಯುವುದೆಂದು ಮನಸ್ಸಿನಲ್ಲಿ ಗುರುತು ಹಾಕಿಕೊಂಡರಾಯಿತು. ಉಡಿದಾರದ ಬೆಳ್ಳಿಯ ಬಗ್ಗೆಯೂ ಹಾಗೆಯೇ. ಪಂಚೆಗಿಂತ ಟವೆಲ್ ಹಗುರ, ಆದರೆ ಒಣಗಿದ ಟವೆಲ್ ಮಾತ್ರ. ಹಸಿ ಟವೆಲ್ ಉಟ್ಟು ಹತ್ತಿದವನು ಬಚ್ಚಲಿನ ನೀರನ್ನೂ ತನ್ನ ಹೆಸರಿಗೆ ಬರೆಸಿಕೊಳ್ಳುತ್ತಾನೆ. ಕನ್ನಡಕವನ್ನು ಖಂಡಿತ ತೆಗೆಯಬೇಕು. ತೆಗೆದ ಮೇಲೆ ಅಂಕಿ ಕಾಣುವುದಿಲ್ಲ. ಕಾಣಲೆಂದು ಬಗ್ಗಿದರೆ ಹೊಟ್ಟೆ ಅಡ್ಡ ಬರುತ್ತದೆ. ಹೊಟ್ಟೆ ಅಡ್ಡ ಬರುತ್ತದೆಂಬುದೇ ತಿಳಿಯಬೇಕಾಗಿದ್ದ ಸಂಗತಿಯಾದರೂ, ಅಂಕಿ ನೋಡದೆ ಇಳಿಯುವುದು ಕ್ರಮವಲ್ಲ. ಆದ್ದರಿಂದ ಕನ್ನಡಕವನ್ನು ಮತ್ತೆ ಹಾಕಿಕೊಂಡು, ಅದರ ತೂಕವನ್ನೂ ಉಂಗುರದ ಖಾತೆಗೆ ಸೇರಿಸಬೇಕು.

ಜಾಗದ ಆಯ್ಕೆ ಇನ್ನೂ ಮುಖ್ಯ. ಯಂತ್ರವನ್ನು ಗಟ್ಟಿಯಾದ, ಸಮತಟ್ಟಾದ ನೆಲದ ಮೇಲೆ ಇಡಬೇಕು. ಮ್ಯಾಟಿನ ಮೇಲೆ, ಏರುತಗ್ಗಿನ ಮೇಲೆ ಅಂಕಿ ಕೆಡುತ್ತದೆ. ಹೀಗೆ ಕೆಟ್ಟ ಅಂಕಿ ಕೆಲವೊಮ್ಮೆ ಹತ್ತಿದವನ ಪರವಾಗಿಯೂ ಇರಬಹುದು. ಮೇಲೆ ಹೇಳಿದ ಮಾದರಿಯ ಮನೆಯಲ್ಲಿ ಬಚ್ಚಲಿನ ಬಾಗಿಲಿಗೆ ಎಡಕ್ಕಿರುವ ಟೈಲ್ಸ್ ಒಂದು ಪಕ್ಕ ಕುಸಿದಿದೆ, ಆ ಜಾಗದಲ್ಲಿ ಯಂತ್ರ ಸದಾ ಉದಾರವಾಗಿರುತ್ತದೆ. ಆ ಟೈಲ್ಸನ್ನು ಸರಿಮಾಡಿಸಲು ಗಾರೆಯವನನ್ನು ಕರೆದಾಗಲೆಲ್ಲ ಮಾದರಿಯು ಏನಾದರೊಂದು ನೆಪ ಹೇಳಿ ವಾಪಸು ಕಳಿಸಿದ್ದಾನೆ. ನಿಂತ ಮೇಲೆ ಬೆರಳ ತುದಿಯನ್ನು ವಾಷ್‌ಬೇಸಿನ್ನಿನ ಅಂಚಿಗೆ ತಾಗಿಸುವುದುಂಟು. ನೆಪ ಸಮತೋಲನದ್ದು, ಪರಿಣಾಮವಾಗಿ ಒಂದೆರಡು ಕಿಲೋ ವಾಷ್‌ಬೇಸಿನ್ನಿಗೆ ವರ್ಗವಾಗುತ್ತದೆ. ಉಸಿರನ್ನೆಲ್ಲ ಹೊರಗೆ ಬಿಟ್ಟು ನಿಲ್ಲುವುದೂ ರೂಢಿಯಲ್ಲಿದೆ. ಒಂದು ಲೀಟರ್ ಗಾಳಿಯ ತೂಕ ಒಂದು ಗ್ರಾಂಗಿಂತ ಅಷ್ಟಿಷ್ಟು ಹೆಚ್ಚು, ಯಂತ್ರಕ್ಕೆ ನೂರು ಗ್ರಾಂಗಿಂತ ಕಡಿಮೆಯದು ಸಾಮಾನ್ಯವಾಗಿ ತಿಳಿಯುವುದಿಲ್ಲ, ಆದರೂ ಬಿಡುತ್ತಾರೆ. ಮೊದಲ ಅಂಕಿ ಒಪ್ಪಿಗೆಯಾಗದಿದ್ದರೆ ಇಳಿದು ಮತ್ತೆ ಹತ್ತುವುದು. ಕೆಲವು ಯಂತ್ರಗಳು ಹಿಂದಿನ ಅಂಕಿಯನ್ನು ನೆನಪಿಟ್ಟುಕೊಂಡು, ವ್ಯತ್ಯಾಸ ಸ್ವಲ್ಪವೇ ಇದ್ದರೆ ಅದನ್ನೇ ಮತ್ತೆ ತೋರಿಸುತ್ತವೆ. ಯಂತ್ರದ ಚಂಚಲತೆ ಬಯಲಾಗದಿರಲಿ ಎಂದು ತಯಾರಕರು ಮಾಡಿದ ಏರ್ಪಾಡು ಇದು. ಹತ್ತಿದವನಿಗೆ ಮಾತ್ರ ಯಂತ್ರ ಹಟ ಹಿಡಿದಂತೆ ಕಾಣುತ್ತದೆ. ಹಿಂದಿನ ಅಂಕಿಯನ್ನು ಮರೆಸಲು ನಡುವೆ ಅಕ್ಕಿ ಡಬ್ಬವನ್ನು ಹತ್ತಿಸಿ ಇಳಿಸುವ ಉಪಾಯವಿದೆ. ಬೆಳಗಿನ ಐದೂವರೆಗೆ ಟವೆಲ್ ಉಟ್ಟು ಅಕ್ಕಿ ಡಬ್ಬ ತಬ್ಬಿಕೊಂಡು ಪಡಸಾಲೆ ದಾಟುವಾಗ ಎದುರಿಗೆ ಹಾಲಿನ ಹುಡುಗ ಸಿಕ್ಕರೆ ವಿವರಣೆ ಕೊಡುವ ಅಗತ್ಯವಿಲ್ಲ. ಅವನು ಬೇರೆ ಮನೆಗಳಲ್ಲೂ ನೋಡಿರುತ್ತಾನೆ. ಅಷ್ಟರಲ್ಲಿ ಅಡುಗೆಮನೆಯಿಂದ, "ನಿನ್ನೆಯೂ ಅಷ್ಟೇ ಇತ್ತು, ನಾಳೆಯೂ ಅಷ್ಟೇ ಇರತ್ತೆ ಕಣ್ರೀ. ಕಾಫಿ ಆರ್ತಾ ಇದೆ" ಎಂಬ ಮಾತು ಬರುತ್ತದೆ.

ವಾಸ್ತವದಲ್ಲಿ ನಿನ್ನೆಯಷ್ಟೇ ಇರುವುದಿಲ್ಲ. ಆರೋಗ್ಯವಂತರ ತೂಕ ದಿನದಿಂದ ದಿನಕ್ಕೆ ಒಂದೆರಡು ಕಿಲೋ ಏರಿ ಇಳಿಯುವುದು ಸಹಜ. ಅದರಲ್ಲಿ ಬಹುಪಾಲು ನೀರು. ಮದುವೆ ಊಟದ ಉಪ್ಪಿನಕಾಯಿ, ಹಪ್ಪಳಗಳ ಉಪ್ಪು ಮೈಯಲ್ಲಿ ನೀರನ್ನು ಹಿಡಿದಿಡುತ್ತದೆ. ಸ್ನಾಯುಗಳಲ್ಲೂ ಯಕೃತ್ತಿನಲ್ಲೂ ಗ್ಲೈಕೋಜನ್ ಎಂಬ ಸಕ್ಕರೆಯ ದಾಸ್ತಾನಿದೆ. ಅದರ ಒಂದೊಂದು ಗ್ರಾಂ ಜೊತೆ ಸುಮಾರು ಮೂರು ಗ್ರಾಂ ನೀರಿರುತ್ತದೆ. ಅನ್ನ ಬಿಟ್ಟ ಮೊದಲ ವಾರ ಈ ದಾಸ್ತಾನು ಕರಗಿ ನೀರು ಹೊರಟುಹೋಗುತ್ತದೆ, ತೂಕ ಸರ್ರನೆ ಇಳಿಯುತ್ತದೆ, ಇಳಿದವನು ಇಡೀ ಆಫೀಸಿಗೆ ಉಪದೇಶ ಶುರುಮಾಡುತ್ತಾನೆ. ಎರಡನೆಯ ವಾರ ಉಪದೇಶ ನಿಲ್ಲುತ್ತದೆ.

ಬರಿಯ ಕಿಲೋಗಳಿಂದ ಏನೂ ತಿಳಿಯದು, ಎತ್ತರವೂ ಬೇಕು. ಬೆಲ್ಜಿಯಂನ ಖಗೋಳಶಾಸ್ತ್ರಜ್ಞ ಅಡಾಲ್ಫ್ ಕೆಟಲೆ 1830ರ ದಶಕದಲ್ಲಿ, ವಯಸ್ಕರ ತೂಕ ಅವರ ಎತ್ತರದ ವರ್ಗಕ್ಕೆ ಅನುಗುಣವಾಗಿರುತ್ತದೆಂದು ಗಮನಿಸಿದ. ಅವನಿಗೆ ಬೇಕಾಗಿದ್ದುದು ಜನಸಮುದಾಯದ ಸರಾಸರಿ. ಯಾರ ಹೊಟ್ಟೆಯ ಮೇಲೂ ಅವನಿಗೆ ವೈಯಕ್ತಿಕ ಆಸಕ್ತಿಯಿರಲಿಲ್ಲ. 1972ರಲ್ಲಿ ಅಮೆರಿಕದ ಆನ್ಸೆಲ್ ಕೀಸ್ ಇದಕ್ಕೆ ಬಾಡಿ ಮಾಸ್ ಇಂಡೆಕ್ಸ್ ಎಂದು ಹೆಸರಿಟ್ಟ, ಅಲ್ಲಿಂದ ಅದು ಬಿಎಂಐ ಆಗಿ ಪ್ರತಿ ಕ್ಲಿನಿಕ್ಕಿನ ಗೋಡೆಗೂ ಏರಿತು. ಕಿಲೋಗಳಲ್ಲಿನ ತೂಕವನ್ನು ಮೀಟರುಗಳಲ್ಲಿನ ಎತ್ತರದ ವರ್ಗದಿಂದ ಭಾಗಿಸಿದರೆ ಬರುವ ಸಂಖ್ಯೆ ಇದು. ವಿಶ್ವ ಆರೋಗ್ಯ ಸಂಸ್ಥೆಯ ಸಾಮಾನ್ಯ ಪಟ್ಟಿಯಲ್ಲಿ 25 ಮುಟ್ಟಿದರೆ ಅಧಿಕ ತೂಕ, 30 ಮುಟ್ಟಿದರೆ ಬೊಜ್ಜು. ಭಾರತೀಯರಿಗೆ ಇಲ್ಲಿನ ವೈದ್ಯರು ಆ ಗೆರೆಗಳನ್ನು 23ಕ್ಕೂ 25ಕ್ಕೂ ಇಳಿಸಿದ್ದಾರೆ. ವಿಮಾನದಲ್ಲಿ ಅಕ್ಕಪಕ್ಕ ಕೂತ ಜರ್ಮನ್ ಪ್ರಯಾಣಿಕ ಮತ್ತು ಹಾಸನದ ಇಂಜಿನಿಯರ್ ಇಬ್ಬರ ಬಿಎಂಐ ಕೂಡ 24 ಇದ್ದರೆ, ಜರ್ಮನ್ ಪ್ರಯಾಣಿಕ ಇನ್ನೊಂದು ಬನ್ ಕೇಳಬಹುದು, ಇಂಜಿನಿಯರ್ ಕೇಳುವಂತಿಲ್ಲ.

ಇದು ಪಕ್ಷಪಾತದಂತೆ ಕಂಡರೂ ಕಾರಣವಿದೆ. ಪುಣೆಯ ವೈದ್ಯ ಚಿತ್ತರಂಜನ್ ಯಾಜ್ಞಿಕ್ ಮತ್ತು ಲಂಡನ್ನಿನ ವೈದ್ಯ ಜಾನ್ ಯುಡ್ಕಿನ್ ತಮ್ಮಿಬ್ಬರ ಫೋಟೋವನ್ನೇ 2004ರಲ್ಲಿ ಲಾನ್ಸೆಟ್ ಪತ್ರಿಕೆಯಲ್ಲಿ ಅಚ್ಚು ಹಾಕಿಸಿದರು. ಇಬ್ಬರ ಬಿಎಂಐ ಕೂಡ 22.3. ನೋಡಲು ಇಬ್ಬರೂ ತೆಳ್ಳಗೆ. ಮೈಯ ಕೊಬ್ಬನ್ನು ಅಳೆದಾಗ ಯುಡ್ಕಿನ್ನರದು ನೂರಕ್ಕೆ 9.1, ಯಾಜ್ಞಿಕರದು 21.2. ಭಾರತೀಯ ದೇಹದಲ್ಲಿ ಸ್ನಾಯು ಕಡಿಮೆ, ಕೊಬ್ಬು ಜಾಸ್ತಿ, ಅದೂ ಹೊಟ್ಟೆಯೊಳಗಿನ ಅಂಗಗಳ ಸುತ್ತ. ಕೈಕಾಲು ಕಡ್ಡಿಯಂತಿದ್ದು ನಡುವೆ ಮಾತ್ರ ಒಂದು ಗುಡಾಣ ಕಟ್ಟಿಕೊಂಡ ಗೃಹಸ್ಥರು ಪ್ರತಿ ಬೀದಿಯಲ್ಲೂ ಇದ್ದಾರೆ. ಶುಗರ್ ಬಂದಾಗ "ನಾನೇನೂ ದಪ್ಪ ಇಲ್ಲವಲ್ಲ ಡಾಕ್ಟ್ರೇ" ಎನ್ನುವವರು ಇವರೇ. ಯಾಜ್ಞಿಕರ ಸಂಶೋಧನೆ ಇದರ ಬೇರನ್ನು ಹುಡುಕುತ್ತ ಇನ್ನೂ ಹಿಂದಕ್ಕೆ, ತಾಯಿಯ ಗರ್ಭದವರೆಗೆ ಹೋಗಿದೆ: ಇಲ್ಲಿನ ಕೂಸುಗಳು ಕಡಿಮೆ ತೂಕದಲ್ಲಿ ಹುಟ್ಟುವಾಗಲೂ ಕೊಬ್ಬನ್ನು ಮಾತ್ರ ಉಳಿಸಿಕೊಂಡು ಹುಟ್ಟುತ್ತವೆ.

ತೂಕದ ಯಂತ್ರ ಅಂಗನವಾಡಿಯಲ್ಲೂ ಇದೆ. ಸೂರಿನ ಕೊಕ್ಕೆಗೆ ತೂಗುಹಾಕಿದ ಗುಂಡು ಮುಖದ ತಕ್ಕಡಿ, ಕೆಳಗೆ ಚಡ್ಡಿಯಂಥ ಚೀಲ, ಅದರೊಳಗೆ ಕಾಲು ಇಳಿಬಿಟ್ಟು ಅಳುವ ಮಗು. ಅಲ್ಲಿ ಯಾರೂ ಉಸಿರು ಹೊರಗೆ ಬಿಡುವುದಿಲ್ಲ. ಕಾರ್ಯಕರ್ತೆ ಮುಳ್ಳು ನಿಲ್ಲುವವರೆಗೆ ಕಾದು, ತಾಯಿ ಕಾರ್ಡಿನ ಚಾರ್ಟಿನಲ್ಲಿ ಚುಕ್ಕೆ ಇಡುತ್ತಾಳೆ. ಚುಕ್ಕೆ ಹಸಿರು ಪಟ್ಟಿಯಲ್ಲಿ ಬಿದ್ದರೆ ತಾಯಿಯ ಮುಖ ಸಡಿಲವಾಗುತ್ತದೆ, ಕೆಳಗೆ ಜಾರಿದರೆ ಮೊಟ್ಟೆ ಕೊಡುತ್ತಿದ್ದೀಯಾ, ಹಾಲು ಕೊಡುತ್ತಿದ್ದೀಯಾ ಎಂಬ ಪ್ರಶ್ನೆಗಳು. 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಐದು ವರ್ಷದೊಳಗಿನ ಮಕ್ಕಳಲ್ಲಿ ಸುಮಾರು ಮೂರರಲ್ಲಿ ಒಂದಕ್ಕೆ ವಯಸ್ಸಿಗೆ ತಕ್ಕ ತೂಕವಿಲ್ಲ. ಅದೇ ಸಮೀಕ್ಷೆಯಲ್ಲಿ ಅದೇ ರಾಜ್ಯದ ವಯಸ್ಕರಲ್ಲಿ ಹತ್ತಕ್ಕೆ ಸುಮಾರು ಮೂವರದು ಅಧಿಕ ತೂಕ. ಎರಡು ಅಂಕಿಗಳೂ ಒಂದೇ ಪುಸ್ತಕದಲ್ಲಿ, ಕೆಲವೇ ಪುಟಗಳ ಅಂತರದಲ್ಲಿವೆ.

ತೂಕ ಏರುವ ಬಗೆ ಸರಳ. ಖರ್ಚಾದದ್ದಕ್ಕಿಂತ ಒಳಗೆ ಹೋದದ್ದು ಜಾಸ್ತಿಯಾದರೆ ಉಳಿದದ್ದು ಕೊಬ್ಬಾಗುತ್ತದೆ. ಒಂದು ಕಿಲೋ ಕೊಬ್ಬಿನಲ್ಲಿ ಸುಮಾರು 7,700 ಕ್ಯಾಲೊರಿ ಅಡಗಿದೆ. ಪಿಷ್ಟ ಮತ್ತು ಪ್ರೋಟೀನಿನ ಒಂದು ಗ್ರಾಂಗೆ 4 ಕ್ಯಾಲೊರಿ, ಎಣ್ಣೆ ತುಪ್ಪಕ್ಕೆ 9. ಈ ಎರಡು ಅಂಕಿಗಳನ್ನು ತಿಳಿದವನು ಮೈಸೂರು ಪಾಕನ್ನು ಬೇರೆ ದೃಷ್ಟಿಯಿಂದ ನೋಡುತ್ತಾನೆ, ನೋಡಿ ತಿನ್ನುತ್ತಾನೆ. ಕನ್ನಡ ನಾಡಿನಲ್ಲಿ ಹೆಚ್ಚು ಪ್ರಚಾರದಲ್ಲಿರುವ ಪರಿಹಾರ ರಾತ್ರಿ ಅನ್ನ ಬಿಟ್ಟು ಚಪಾತಿ ತಿನ್ನುವುದು. ಅಕ್ಕಿಯಲ್ಲೂ ಗೋಧಿ ಹಿಟ್ಟಿನಲ್ಲೂ ನೂರು ಗ್ರಾಂಗೆ ಹೆಚ್ಚುಕಡಿಮೆ ಅಷ್ಟಷ್ಟೇ, ಸುಮಾರು 350 ಕ್ಯಾಲೊರಿ ಇದೆ. ಅನ್ನಕ್ಕೆ ಸಾರು ಸಾಕಾಗಿತ್ತು, ಚಪಾತಿಗೆ ಸಾಗು ಬೇಕು, ಮೇಲೆ ಸವರಲು ತುಪ್ಪ ಬೇಕು, ನಾಲ್ಕು ಚಪಾತಿಯಾದ ಮೇಲೆ "ಒಂದು ಹಿಡಿ ಮೊಸರನ್ನ ಇಲ್ಲದೆ ಊಟ ಮುಗಿದ ಹಾಗೇ ಆಗಲ್ಲ" ಎಂಬ ಸತ್ಯವೂ ಬೇಕು. ಗೋಧಿಯಲ್ಲಿ ನಾರಿನಂಶ ಹೆಚ್ಚು ನಿಜ, ಆದರೆ ನಾಲ್ಕನೆಯ ಚಪಾತಿಯನ್ನು ತಡೆಯುವಷ್ಟಲ್ಲ.

ಇನ್ನೊಬ್ಬರ ತೂಕದ ಬಗ್ಗೆ ತೀರ್ಪು ಕೊಡುವ ಅಧಿಕಾರ ಮದುವೆಮನೆಗೆ ಬಂದ ಬಂಧುಗಳಿಗೆ ಯಾರು ಕೊಟ್ಟರೋ ಗೊತ್ತಿಲ್ಲ. ತೂಕ ಏರಿದವರಿಗೆ "ಮೈ ಬಂದಿದೆ", ಇಳಿಸಿಕೊಂಡವರಿಗೆ "ಯಾಕೆ, ಶುಗರ್ ಏನಾದ್ರೂ ಬಂತಾ?" ಕಷ್ಟಪಟ್ಟು ಐದು ಕಿಲೋ ಇಳಿಸಿದವನು ಊಟದ ಎಲೆಯ ಮುಂದೆ ತನಗೆ ಕಾಯಿಲೆಯಿಲ್ಲವೆಂದು ಸಾಬೀತು ಮಾಡಲು ಎರಡನೆಯ ಸಲ ಚಿರೋಟಿ ಹಾಕಿಸಿಕೊಳ್ಳಬೇಕಾಗುತ್ತದೆ. ಇದನ್ನು ನಗುತ್ತ ಸಹಿಸಬಹುದು. ಆದರೆ ಹೆಣ್ಣು ನೋಡಲು ಬಂದು, ಸೋಫಾದಿಂದ ಏಳಲು ಇಬ್ಬರ ಕೈ ಬೇಕಾದ ಹಿರಿಯರು ಉಪ್ಪಿಟ್ಟು, ಕೇಸರಿಬಾತು ಮುಗಿಸಿ, "ಹುಡುಗಿ ಸ್ವಲ್ಪ ತೂಕ ಇಳಿಸಿಕೊಂಡರೆ ಚೆನ್ನ" ಎಂದು ಹೇಳಿಹೋಗುವುದಿದೆಯಲ್ಲ, ಅದಕ್ಕೆ ನಗು ಸಾಲದು. ಆ ಮಾತನ್ನು ಕೇಳಿ ಊಟ ಬಿಟ್ಟ ಹುಡುಗಿಯರನ್ನು ಯಾವ ಸಮೀಕ್ಷೆಯೂ ಎಣಿಸಿಲ್ಲ.

ತೂಕ ಇಳಿಸುವ ಉಪಾಯಗಳಲ್ಲಿ ಅಗ್ಗದ್ದು ನಡಿಗೆ. ಇದರ ಪರಿಪೂರ್ಣ ರೂಪವನ್ನು ಬೆಂಗಳೂರಿನ ಲಾಲ್‌ಬಾಗಿನಲ್ಲಿ ನೋಡಬಹುದು. ಸುಮಾರು 300 ಕೋಟಿ ವರ್ಷ ಹಳೆಯ ಬಂಡೆಯ ಪಕ್ಕದಲ್ಲಿ, ಮಂಕಿಟೋಪಿ ಮತ್ತು ಬಿಳಿ ಶೂ ಧರಿಸಿದ ನಿವೃತ್ತರು ರಾಜಕೀಯ ಮಾತಾಡುತ್ತ ಹೋಗುತ್ತಾರೆ. ಮಾತು ಬಿಸಿಯಾದಾಗ ಹೆಜ್ಜೆ ನಿಲ್ಲುತ್ತದೆ. ನಿಲ್ಲದೆ ಒಂದು ಗಂಟೆ ನಡೆದರೆ 70 ಕಿಲೋದವರಿಗೆ ಸುಮಾರು 250 ಕ್ಯಾಲೊರಿ ಖರ್ಚು. ನಡಿಗೆ ಮುಗಿಯುವ ಗೇಟಿನ ಆಚೆಗೆ ಹೋಟೆಲುಗಳಿವೆ. 1924ರಿಂದ ಇರುವ ಎಂಟಿಆರ್ ಲಾಲ್‌ಬಾಗ್ ರಸ್ತೆಯಲ್ಲೇ ಇದೆ, 1943ರಿಂದ ಇರುವ ವಿದ್ಯಾರ್ಥಿ ಭವನವೂ ಅಲ್ಲಿಂದ ದೂರವಿಲ್ಲ. ಒಂದು ಮಸಾಲೆ ದೋಸೆ, ಬೆಣ್ಣೆ ಸ್ವಲ್ಪ ಮುಂದಾಗಿ, ಆಮೇಲೆ ಬೈಟು ಕಾಫಿ: ಜಮಾಖರ್ಚು ಸರಿಹೋಗಿ ಮೇಲೆ ಲಾಭವೂ ಉಳಿಯುತ್ತದೆ. ಕಾಫಿಗೆ ಸಕ್ಕರೆ ಬೇಡ ಎಂದು ಎಲ್ಲರಿಗೂ ಕೇಳುವಂತೆ ಹೇಳುವುದು ಶಿಷ್ಟಾಚಾರ.

ದಿನಕ್ಕೆ 10,000 ಹೆಜ್ಜೆ ಎಂಬ ನಿಯಮ ವೈದ್ಯಶಾಸ್ತ್ರದಿಂದ ಬಂದದ್ದಲ್ಲ. 1965ರಲ್ಲಿ ಜಪಾನಿನ ಕಂಪನಿಯೊಂದು ಹೆಜ್ಜೆ ಎಣಿಸುವ ಯಂತ್ರ ಮಾರಲು ಬಳಸಿದ ದುಂಡು ಅಂಕಿ. ಅದಕ್ಕಿಂತ ಕಡಿಮೆ ನಡೆದರೂ ಲಾಭವಿದೆ. ಈಗ ಎಣಿಸುವ ಕೆಲಸ ಮಣಿಕಟ್ಟಿನ ಪಟ್ಟಿಗೆ ಹೋಗಿದೆ. ಪಟ್ಟಿ ನೋಡುವುದು ಕೈಯ ಅಲುಗಾಟವನ್ನು. ಭಜನೆಯಲ್ಲಿ ತಾಳ ಹಾಕಿದವರಿಗೂ ರಾಗಿ ಮುದ್ದೆ ತೊಳಸಿದವರಿಗೂ ಅದು ಒಂದಷ್ಟು ಹೆಜ್ಜೆ ಬರೆದುಕೊಡುತ್ತದೆ. ಮುದ್ದೆ ತೊಳಸಿದವರಿಗೆ ಕೊಟ್ಟದ್ದು ನ್ಯಾಯವೇ. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ವಾರಕ್ಕೆ 150ರಿಂದ 300 ನಿಮಿಷ ಚುರುಕಾದ ಚಟುವಟಿಕೆ, ಜೊತೆಗೆ ಎರಡು ದಿನವಾದರೂ ಸ್ನಾಯುಗಳಿಗೆ ಕೆಲಸ. ಎರಡನೆಯ ಭಾಗವನ್ನು ನಡುವಯಸ್ಸಿನವರು ಯಾವಾಗಲೂ ಮರೆಯುತ್ತಾರೆ. ಸ್ನಾಯು ಕಡಿಮೆಯಿರುವ ಜನರಿಗೆ ಬೇಕಾದದ್ದು ಅದೇ: ಕುರ್ಚಿ ಹಿಡಿಯದೆ ಕೂತು ಏಳುವುದು, ಗೋಡೆಗೆ ಕೈಯೂರಿ ದಂಡ ಹೊಡೆಯುವುದು, ಬಿಂದಿಗೆ ಎತ್ತುವುದು.

ಕರಗಿದ ಕೊಬ್ಬು ಎಲ್ಲಿಗೆ ಹೋಗುತ್ತದೆಂದು ಕೇಳಿದರೆ ಬೆವರು ಎನ್ನುವವರು ಅನೇಕ, ಶಾಖವಾಗಿ ಹೋಯಿತು ಎನ್ನುವವರು ಇನ್ನೂ ಅನೇಕ. ಆಸ್ಟ್ರೇಲಿಯಾದ ಇಬ್ಬರು ವಿಜ್ಞಾನಿಗಳು 2014ರಲ್ಲಿ ಲೆಕ್ಕ ಹಾಕಿ ತೋರಿಸಿದಂತೆ, 10 ಕಿಲೋ ಕೊಬ್ಬು ಕರಗಿದರೆ 8.4 ಕಿಲೋ ಇಂಗಾಲದ ಡೈಆಕ್ಸೈಡಾಗಿ ಮೂಗಿನಿಂದ ಹೊರಗೆ ಹೋಗುತ್ತದೆ, ಉಳಿದ 1.6 ಕಿಲೋ ನೀರಾಗುತ್ತದೆ. ಇದನ್ನು ಓದಿ ಕೂತಲ್ಲೇ ಜೋರಾಗಿ ಉಸಿರಾಡಿದರೆ ತಲೆ ಸುತ್ತುತ್ತದೆಯೇ ಹೊರತು ತೂಕ ಇಳಿಯುವುದಿಲ್ಲ. ಮೈ ಕೆಲಸ ಮಾಡಿ ಸುಟ್ಟಾಗ ಮಾತ್ರ ಕೊಬ್ಬು ಆ ಅನಿಲವಾಗುತ್ತದೆ.

ಕೊನೆಯದಾಗಿ ಸೊಂಟದ ಅಳತೆ. ಯಂತ್ರಕ್ಕಿಂತ ಇದು ಹೆಚ್ಚು ತಿಳಿಸುತ್ತದೆ, ದರ್ಜಿಯ ಒಂದು ಟೇಪು ಸಾಕು. ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ದಾಟಿದರೆ ಭಾರತೀಯರಲ್ಲಿ ಸಕ್ಕರೆ ಕಾಯಿಲೆಯ, ಹೃದಯದ ಕಾಯಿಲೆಯ ಅಪಾಯ ಹೆಚ್ಚು. ಪ್ಯಾಂಟಿನ ಮೇಲಿನ ನಂಬರು ಇದಕ್ಕೆ ಸಾಕ್ಷಿಯಾಗದು, ಏಕೆಂದರೆ ಹೊಟ್ಟೆ ಬಂದವರು ಪ್ಯಾಂಟನ್ನು ಅದರ ಕೆಳಗೆ ಕಟ್ಟಿ ಮೂವತ್ನಾಲ್ಕರಲ್ಲೇ ಉಳಿದಿರುತ್ತಾರೆ. ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಯ ಮೇಲಂಚಿಗೂ ನಡುವೆ, ಬರಿಮೈ ಮೇಲೆ, ಟೇಪನ್ನು ಬಿಗಿಯದೆ ಸುತ್ತಬೇಕು. ಎರಡೂ ಪಾದ ನೆಲಕ್ಕೆ ಊರಿರಬೇಕು. ಉಸಿರನ್ನು ಸಹಜವಾಗಿ ಬಿಟ್ಟ ಮೇಲೆ ಓದಬೇಕು. ಹೊಟ್ಟೆಯನ್ನು ಒಳಗೆಳೆದು ಓದಿದ ಅಳತೆ ಸಲ್ಲದು. ಟೇಪನ್ನು ಇನ್ನೊಬ್ಬರ ಕೈಗೆ ಕೊಡುವುದು ಒಳ್ಳೆಯದು, ಅವರು ಹೆಂಡತಿಯಾದರೆ ಇನ್ನೂ ಒಳ್ಳೆಯದು, ಅಂಕಿಯನ್ನು ಗಟ್ಟಿಯಾಗಿ ಓದುತ್ತಾರೆ.